ಅರ್ಧ ಸೈಜು

ಸ್ಟೇಟ್ ಸ್ಟ್ರೀಟಿನ ಈ ತಿರುಗುಬಾಗಿಲು ಮಾತ್ರ ಹಳೆಯದೇ.
ತಳ್ಳಿದರೆ ಮೊದಲಿನ ಹಾಗೇ ಒಂದು ಸಲ ನರಳಿ
ಆಮೇಲೆ ಒಳಗೆ ಬಿಡುತ್ತದೆ,
ನನ್ನ ಹಿಂದೆ ಒಂದು ತುಂಡು ಈರಿ ಸರೋವರದ ಗಾಳಿಯನ್ನೂ.
ಒಳಗೆ ಹುರಿದ ಈರುಳ್ಳಿ, ಹಬೆ, ಸುಟ್ಟ ಚೀಸು,
ಇನ್ನೂ ಆರದ ಬಣ್ಣ.

ಮೂವತ್ತೊಂದು ವರ್ಷ ಇಲ್ಲಿ ಬೂಟು ಮಾರಿದವಳು ನಾನು.
ಹಾಲ್ಡರ್‌ಮನ್ಸ್, ನೆಲಮಹಡಿ, ಎಡಗಡೆ.
ಈಗ ಅಲ್ಲಿ ಪಿಯೆರೋಗಿ ಬೇಯುತ್ತದೆ.
ಕೈಗವಸಿನ ಗಾಜಿನ ಪೆಟ್ಟಿಗೆ ಇದ್ದಲ್ಲಿ
ಅಲೆಪ್ಪೊದವರೊಬ್ಬರ ಕಿಬ್ಬೆ,
ಸೆಂಟಿನ ಕೌಂಟರಿನಲ್ಲಿ ಹೊಗೆಯಾಡುವ ಕುರಿಮಾಂಸ.
ಕೇಳಿದರೆ ನಮ್ಮ ಮಿಸೆಸ್ ಪ್ರೆಂಡರ್‌ಗಾಸ್ಟ್
ಗೋರಿಯಲ್ಲೇ ಮಗ್ಗುಲು ಬದಲಿಸಿಯಾಳು.

ಮೇಜುಗಳು ಉದ್ದುದ್ದ, ಯಾರ ಪಕ್ಕ ಯಾರಾದರೂ.
ಕುರ್ಚಿಗೆ ಕುರ್ಚಿ ಜೋಡಿಯಿಲ್ಲ,
ಬೇಕೆಂತಲೇ ಹಾಗಂತೆ, ಅದೇ ಫ್ಯಾಷನ್ನಂತೆ.
ಜೋಡಿ ತಪ್ಪಿದ ಒಂದೇ ಒಂದು ಬೂಟಿಗಾಗಿ
ಗೋದಾಮೆಲ್ಲ ತಡಕಾಡಿದ ರಾತ್ರಿಗಳು ನೆನಪಾಗಿ
ಒಬ್ಬಳೇ ನಕ್ಕೆ.

ಮೊಮೊ ಅಂಗಡಿಯ ಹುಡುಗ ದುಡ್ಡು ತಗೊಂಡು
ಕೈಗೊಂದು ಕಪ್ಪು ಬಿಲ್ಲೆ ಕೊಟ್ಟ.
"ಇದು ನಡುಗಿದಾಗ ಬನ್ನಿ."
ನನ್ನ ಕೈಯೇ ನಡುಗುತ್ತದಲ್ಲಪ್ಪ,
ಗೊತ್ತಾಗುವುದು ಹೇಗೆ ಅಂದೆ.
ನಗಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ.
"ಕೆಂಪಗೂ ಆಗುತ್ತೆ" ಅಂದ, ಮೆಲ್ಲಗೆ.

ಕಾವಿಗೆ ಕೂತ ಕೋಳಿಯ ಹಾಗೆ ಬಿಲ್ಲೆ ಕಾಯುತ್ತ ಕೂತೆ.
ಎದುರಿಗೆ ಆಫೀಸಿನ ಮೂವರು, ಒಂದು ಬಟ್ಟಲು, ಮೂರು ಫೋರ್ಕು.
ಆಚೆ ಒಬ್ಬ ತಂದೆ
ಮಗಳ ನೂಡಲ್ಸು ಊದಿ ಊದಿ ತನ್ನದು ಆರಿಸಿಕೊಂಡವನು.
ನಾನು ಮುಖ ನೋಡುವವಳಲ್ಲ. ಚಟ ಹೋಗಿಲ್ಲ,
ಕಣ್ಣು ಮೇಜಿನ ಕೆಳಗೇ.
ಒಂಬತ್ತು, ಅಗಲ ಪಾದ. ಏಳೂವರೆ.
ಹನ್ನೊಂದು, ಹಿಮ್ಮಡಿ ಒಳಕ್ಕೆ ಸವೆಸುವ ನಡಿಗೆ,
ಬೆನ್ನುನೋವು ಬರುತ್ತದೆ ಇವನಿಗೆ, ಹೇಳಿದರೆ ನಂಬುವುದಿಲ್ಲ.

ಬಿಲ್ಲೆ ಗುಯ್‌ಗುಟ್ಟಿತು.
ಅಂಗಾತ ಬಿದ್ದ ದುಂಬಿಯ ಹಾಗೆ
ಮೇಜಿನ ಮೇಲೆ ತನ್ನಷ್ಟಕ್ಕೆ ಸುತ್ತಿತು.
ಎಂಟು ಮೊಮೊ, ಕೆಂಪು ಚಟ್ನಿ, ಕಾಗದದ ತಟ್ಟೆ.
ತಗೊಳ್ಳುವಾಗ ಕೌಂಟರಿನ ಪುಟ್ಟ ಬಾಗಿಲ ಸಂದಿಯಲ್ಲಿ
ಕಂಡವು ಹುಡುಗನ ಕಾಲು,
ಬಿಸಿಗಲ್ಲ ಮೇಲೆ ನಿಂತಂತೆ ಒಂದು ಸಲ ಇದು, ಒಂದು ಸಲ ಅದು.
"ಅರ್ಧ ಸೈಜು ಚಿಕ್ಕದು" ಅಂದೆ.
"ಮೊಮೊನಾ?"
"ಬೂಟು."

ಮೂರು ಗಂಟೆಗೆ ಗದ್ದಲ ತೆಳುವಾಯಿತು.
ಬಂದು ಎದುರಿಗೆ ಕೂತ. ಎದೆಯ ಮೇಲೆ ಹೆಸರು: ಖಗೇಂದ್ರ.
ಅಣ್ಣನ ಬೂಟಂತೆ. ಅಣ್ಣ ಕುಳ್ಳನಂತೆ.
ಇವನು ಹುಟ್ಟಿದ್ದು ಝಾಪಾದ ಶಿಬಿರದಲ್ಲಿ,
ಅಲ್ಲಿ ರಾಶಿಯಿಂದ ಆರಿಸುವುದು,
ಸೈಜು ಕೇಳುವವರೇ ಇರಲಿಲ್ಲವಂತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಬೂಟು ಇದ್ದಷ್ಟು ಬೆರಳು ಮಡಚಿದ್ದಾನೆ ಇವನು.

ಬಗ್ಗಲು ಎಪ್ಪತ್ತಾರರ ಮಂಡಿ ಒಪ್ಪಲಿಲ್ಲ.
ಜೋಡಿಯಿಲ್ಲದ ಕುರ್ಚಿಯೊಂದರ ಮೇಲೆ
ಅವನೇ ಕಾಲಿಟ್ಟ, ನಾಚಿಕೊಂಡು, ಕಾಗದ ಹಾಸಿ.
ಒತ್ತಿ ನೋಡಿದೆ.
ಹೆಬ್ಬೆರಳು ಅಲ್ಲೇ ಇತ್ತು, ತುತ್ತತುದಿಗೆ,
ಕಿಟಕಿಗೆ ಮೂಗೊತ್ತಿ ನಿಂತ ಮಗುವಿನ ಹಾಗೆ.
ನನ್ನ ಕೈ ನಡುಗಲಿಲ್ಲ. ಆಮೇಲೆ ಗಮನಿಸಿದ್ದು ಅದನ್ನು.
ಮೂರನೆಯ ತೂತು ಬಿಟ್ಟು ಲೇಸು ಕಟ್ಟಿಕೊಟ್ಟೆ;
ಸದ್ಯಕ್ಕೆ ಅಷ್ಟೇ ಲೇಸು.

"ಸರಿಯಾದದ್ದು ಎಲ್ಲಿ ಸಿಗುತ್ತೆ?" ಅಂದ.
ಬಾಯಿ ತೆರೆದೆ. ಇಲ್ಲೇ, ನೆಲಮಹಡಿ,
ಎಡಗಡೆ
ಪಿಯೆರೋಗಿಯ ಬೆಣ್ಣೆ ಚುಂಯ್ ಅಂದಿತು.

ಉಳಿದ ಎರಡು ಮೊಮೊ ಅವನ ಕಡೆ ತಳ್ಳಿದೆ.
ಒಂದನ್ನು ಬಾಯಿಗೆ ಹಾಕಿ ಮುಖ ಕಿವುಚಿದ,
ಥೇಟು ಅಂಗಡಿಯವನ ಮುಖ.
"ತಣ್ಣಗಾಗಿದೆ. ಇದನ್ನು ತಿನ್ನಬೇಡಿ,
ಬೇರೆ ತರುತ್ತೇನೆ" ಅಂತ ಎದ್ದ.
ನಡಿಗೆ ನೋಡಿದೆ.